ಲೋಗೋದಲ್ಲಿ ನಿಂತ ಫೋನ್ ಕೊಟ್ಟೆ, ಫೋಟೊ ಅಳಿಸಿ ನನ್ನ ಫೋಟೊ ನನಗೇ ಮಾರಿದರು: ದಾವಣಗೆರೆಯವರು ಸ್ವಲ್ಪ ಹುಷಾರು

ಮೊದಲೇ ಹೇಳಿಬಿಡುತ್ತೇನೆ. ರೂಟ್ ಮಾಡಿದ, ಅಂದರೆ ಒಳಗಿನ ಸಿಸ್ಟಮ್ ಬದಲಿಸುವ ಪೂರ್ತಿ ಅಧಿಕಾರ ಪಡೆದುಕೊಂಡ, ಫೋನಲ್ಲಿ ಸಿಸ್ಟಮ್ ಫೈಲ್ ಒಂದನ್ನು ಎಡಿಟ್ ಮಾಡಿದ ಮೇಲೆ ಅದು ಲೋಗೋದಲ್ಲೇ ನಿಂತುಬಿಟ್ಟರೆ ಬೋರ್ಡ್ ಹೋಗಿದೆ ಅಂತ ಅರ್ಥ ಅಲ್ಲ. ಬೋರ್ಡ್ ಮೇಲಿನ ಚಿಪ್, ಅದೇ ಐಸಿ, ಅದೂ ಹೋಗಿರಲ್ಲ. ನಿಮ್ಮ ಫೋಟೊ, ವಾಟ್ಸಾಪ್, ಎಲ್ಲವೂ ಇದ್ದಲ್ಲೇ ಇರುತ್ತವೆ. "ಬೋರ್ಡ್ ಹೋಗೇತಿ ಅಣ್ಣಾ, ಡೇಟಾ ಸಿಗಲ್ಲ" ಅಂತ ಕೌಂಟರ್‌ನಲ್ಲಿ ಕೂತವನು ಫೋನ್ ಕೈಗೆ ತಗೊಂಡ ಕೂಡಲೇ ಹೇಳಿದರೆ, ಕಿತ್ಕೊಂಡು ಬನ್ನಿ. ಮಾತಾಡ್ತಾ ನಿಲ್ಲಬೇಡಿ.

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಮನೆಯಲ್ಲಿ, ಮಂಡಿಯಲ್ಲಿ ಯಾರದೇ ಫೋನ್ ಕೆಟ್ಟರೂ ನನ್ನ ಹತ್ತಿರ ತರುತ್ತಾರೆ. ಅಂಥ ನನಗೇ ಟೋಪಿ ಹಾಕಿದರು. ಗೊತ್ತಿದ್ದವನಿಗೇ ಹೀಗಾದರೆ, ಏನೂ ಗೊತ್ತಿಲ್ಲದೆ ಹಳ್ಳಿಯಿಂದ ಬಸ್ಸಲ್ಲಿ ಬಂದು ಅಂಗಡಿ ಮುಂದೆ ನಿಲ್ಲುವವರ ಗತಿ ಏನು?

ಫೋನ್ ರೆಡ್ಮಿ ನೋಟ್ 4. 2017ರ ಜನವರಿಯಲ್ಲಿ ನಮ್ಮಲ್ಲಿ ಬಿಡುಗಡೆ ಆದ ಮಾಡೆಲ್, ಸ್ನ್ಯಾಪ್‌ಡ್ರ್ಯಾಗನ್ 625. ರೂಟ್ ಮಾಡುವ ಹುಚ್ಚು ಇರುವವರಿಗೆಲ್ಲ ಈ ಫೋನ್ ಗೊತ್ತು. ಬೇರೆ ಸಾಫ್ಟ್‌ವೇರ್ ಹಾಕದಂತೆ ತಡೆಯುವ ಬೀಗ, ಅಂದರೆ ಬೂಟ್‌ಲೋಡರ್, ಅನ್‌ಲಾಕ್ ಆಗಿತ್ತು. ಫೋನ್ ಪೂರ್ತಿ ಆನ್ ಆಗದಿದ್ದರೂ ತೆರೆದು ರಿಪೇರಿ ಮಾಡಬಹುದಾದ ಟಿಡಬ್ಲ್ಯೂಆರ್‌ಪಿ ರಿಕವರಿ ಇತ್ತು. ಹಳೇ ಫೋನಾದರೂ ಕೆಲಸಕ್ಕೆ ಅದೇ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೂಕದ ಚೀಟಿ ಫೋಟೊ ತೆಗೆಯೋದು ಅದರಲ್ಲೇ, ಮಗಳ ಫೋಟೊ ತೆಗೆಯೋದೂ ಅದರಲ್ಲೇ.

ಸ್ಕ್ರೀನ್ ಮೇಲೆ ಸ್ವಲ್ಪ ಜಾಸ್ತಿ ಸಾಲು ಕಾಣಲಿ ಅಂತ ಸಿಸ್ಟಮ್‌ನ ಸೆಟ್ಟಿಂಗ್ ಇರುವ ಬಿಲ್ಡ್.ಪ್ರಾಪ್ ಫೈಲ್‌ನಲ್ಲಿ ಡೆನ್ಸಿಟಿ (ಅಕ್ಷರ, ಚಿತ್ರ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವ ಅಂಕಿ) 480 ಇದ್ದದ್ದನ್ನು 420 ಮಾಡಿ ಸೇವ್ ಮಾಡಿದೆ. ರೂಟ್ ಮಾಡಿದವರಲ್ಲಿ ಇದನ್ನು ಮಾಡದವರು ಕಡಿಮೆ. ಆದರೆ ಕೆಲವು ಎಡಿಟರ್‌ಗಳು ಸೇವ್ ಮಾಡುವಾಗ ಫೈಲ್‌ನ ಪರ್ಮಿಷನ್ ಬದಲಾಯಿಸಿಬಿಡುತ್ತವೆ. ಅದು 644 ಇರಬೇಕು. ಅಂದರೆ ಎಲ್ಲರೂ ಓದಬಹುದು, ಬರೆಯೋದು ರೂಟ್ ಅಧಿಕಾರ ಇದ್ದರೆ ಮಾತ್ರ. ಅದು 600 ಆಗಿಬಿಟ್ಟರೆ ಬೇರೆ ಸರ್ವಿಸ್‌ಗಳು ಓದೋಕೆ ಆಗದೆ ಫೋನ್ ಪೂರ್ತಿ ಆನ್ ಆಗಲ್ಲ. ಎಂಐ ಲೋಗೋ ಬರುತ್ತದೆ, ಆರುತ್ತದೆ, ಮತ್ತೆ ಬರುತ್ತದೆ.

ಇದಕ್ಕೆ ಮದ್ದು ತೀರಾ ಸುಲಭ. ರಿಕವರಿಗೆ ಹೋಗಿ, ಮೌಂಟ್‌ನಲ್ಲಿ ಸಿಸ್ಟಮ್ ಟಿಕ್ ಮಾಡಿ, ಫೈಲ್ ಮ್ಯಾನೇಜರ್‌ನಲ್ಲಿ ಆ ಫೈಲ್ ಒತ್ತಿ, ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್‌ನಲ್ಲಿ 644 ಕೊಟ್ಟು ರೀಬೂಟ್. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ನನ್ನ ಕಷ್ಟ ಬೇರೆ ಇತ್ತು. ಈ ಫೋನಲ್ಲಿ ರಿಕವರಿಗೆ ಹೋಗಬೇಕಂದ್ರೆ ಪವರ್ ಜೊತೆ ವಾಲ್ಯೂಮ್ ಅಪ್ ಒತ್ತಬೇಕು. ನನ್ನ ಫೋನಿನ ವಾಲ್ಯೂಮ್ ಅಪ್ ಸತ್ತು ಬಹಳ ದಿನ ಆಗಿತ್ತು. ವಾಲ್ಯೂಮ್ ಡೌನ್ ಸರಿ ಇತ್ತು, ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಫಾಸ್ಟ್‌ಬೂಟ್ ಬರುತ್ತಿತ್ತು, ಅದರ ಸ್ಕ್ರೀನಿನ ಟೋಪಿ ಹಾಕಿದ ಮೊಲದ ಚಿತ್ರ ಕಾಣುತ್ತಿತ್ತು. ಆದರೆ ಅಲ್ಲಿಂದ ಮುಂದೆ ಕಂಪ್ಯೂಟರ್ ಬೇಕು. ಮನೆಯ ಲ್ಯಾಪ್‌ಟಾಪ್ ಅಕ್ಕನ ಮಗನ ಜೊತೆ ಬೆಂಗಳೂರಿಗೆ ಹೋಗಿತ್ತು.

ಅದಕ್ಕೇ ಅಂಗಡಿಗೆ ಹೋದದ್ದು. ನಾನು ಕೇಳಿದ್ದು ವಾಲ್ಯೂಮ್ ಸ್ಟ್ರಿಪ್ (ಬಟನ್ ಕೆಳಗಿನ ಪಟ್ಟಿ) ಹಾಕಿಕೊಡಿ ಅಂತ ಮಾತ್ರ. ಮತ್ತೆ ಹೇಳ್ತೀನಿ, ಸ್ಟ್ರಿಪ್ ಮಾತ್ರ.

ಅಂಗಡಿ ಇರೋದು ಅಶೋಕ ರಸ್ತೆ ಕಡೆ. ಹೆಸರು ಹಾಕುವುದಿಲ್ಲ. ಹುಡುಗ ಯುಎಸ್‌ಬಿ ಮೀಟರ್ ಸಿಕ್ಕಿಸಿದ. ಕೆಂಪು ಅಂಕಿ ಏರೋದು, ಇಳಿಯೋದು. "ನೋಡ್ರಿ ಅಣ್ಣಾ, ಕರೆಂಟ್ ಹೆಂಗೆ ಆಡ್ತಾ ಐತಿ. ಶಾರ್ಟ್ ಆಗೇತಿ. ಬೋರ್ಡ್ ಕೆಲಸ." ಅಲ್ಲಪ್ಪಾ, ಫೋನ್ ತಾನಾಗಿ ಆರಿ ಮತ್ತೆ ಆನ್ ಆಗುತ್ತಿದೆ, ಕರೆಂಟ್ ಏರಿಳಿಯದೆ ಇನ್ನೇನು ಮಾಡುತ್ತದೆ? ನಾನು ಬಿಲ್ಡ್.ಪ್ರಾಪ್ ಕಥೆ ಎಲ್ಲ ಹೇಳಿದೆ. ಒಳಗಿನ ಮೆಮೊರಿ ಕಾರ್ಡ್‌ನಲ್ಲಿ ರಾಮ್ (ROM, ಅಂದರೆ ಫೋನಿನ ಸಿಸ್ಟಮ್ ಸಾಫ್ಟ್‌ವೇರ್) ಫೈಲ್ ಇದೆ, ನಿಮ್ಮ ಕಂಪ್ಯೂಟರ್‌ಗೆ ಹಾಕಿ ಟಿಡಬ್ಲ್ಯೂಆರ್‌ಪಿ ಬೂಟ್ ಮಾಡಿಕೊಟ್ಟರೂ ಸಾಕು, ಉಳಿದದ್ದು ಇಲ್ಲೇ ನಿಂತು ನಾನೇ ಮಾಡ್ತೀನಿ ಅಂದೆ. ಓನರ್ ಒಳಗಿಂದ ನಗುತ್ತಾ ಬಂದರು.

"ಯೂಟ್ಯೂಬ್ ನೋಡ್ಕೊಂಡು ಬರ್ತೀರಿ. ನಾವು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಾಕತ್ತೀವಿ. ಬಿಡ್ರಿ, ಸಂಜೆ ಬರ್ರಿ."

ಬೋರ್ಡ್ ಮುಟ್ಟಬೇಡಿ, ಸ್ಟ್ರಿಪ್ ಮಾತ್ರ, 250 ಕೊಡ್ತೀನಿ, ಅಂತ ಮೂವರು ಗಿರಾಕಿಗಳ ಎದುರು ಜೋರಾಗಿ ಹೇಳಿ ಬಂದೆ. ಸಂಜೆ ಹೋದರೆ "ಹುಡುಗ ಊಟಕ್ಕೆ ಹೋಗ್ಯಾನೆ." ಸಂಜೆ ಆರಕ್ಕೆ ಎಂಥ ಊಟ? ಆಮೇಲೆ "ಪಾರ್ಟ್ ಬರಬೇಕು." ಆಮೇಲೆ "ನಾಳೆ ಪಕ್ಕಾ." ಈ ಪಾಠ ನಿಮಗೆಲ್ಲ ಬಾಯಿಪಾಠ ಇರುತ್ತದೆ, ಬಿಡಿ.

ನಂತರ ನನ್ನ ಹೆಂಡತಿ ಫೋನಿಗೆ ಕಾಲ್ ಬಂತು. ಹುಡುಗನೇ. "ಅಣ್ಣಾ, ನಿಮ್ಮ ಜೀಮೇಲ್ ಐಡಿ, ಪಾಸ್‌ವರ್ಡ್ ಹೇಳ್ರಿ."

ಅಲ್ಲೇ ಎದೆ ಧಸಕ್ಕೆಂದಿತು. ರೂಟ್ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಫೋನ್ ಪೂರ್ತಿ ಅಳಿಸಿ ಹೊಸದಾಗಿ ಆನ್ ಮಾಡಿದಾಗ ಮಾತ್ರ ಅದು ಹಳೇ ಗೂಗಲ್ ಅಕೌಂಟ್ ಕೇಳಿ ತಡೆಯುತ್ತದೆ. ಕಳ್ಳರು ರೀಸೆಟ್ ಮಾಡಿ ಮಾರಬಾರದು ಅಂತ ಆಂಡ್ರಾಯ್ಡ್ 5.1ರಿಂದ ಇಟ್ಟಿರುವ ಬೀಗ ಅದು. ಸುಮ್ನೆ ಸ್ಟ್ರಿಪ್ ಹಾಕಿದರೆ ಜೀಮೇಲ್ ಯಾಕೆ ಬೇಕು? ಬೋರ್ಡ್ ರಿಪೇರಿ ಮಾಡಿದರೂ ಜೀಮೇಲ್ ಯಾಕೆ ಬೇಕು?

"ಡೇಟಾ ತೆಗೆದುಬಿಟ್ರಾ?" ಅಂದೆ.

"ಆನ್ ಆತಲ್ಲ ಅಣ್ಣಾ?"

"ಡೇಟಾ ತೆಗೆದ್ರಾ ಅಂತ ಕೇಳ್ದೆ."

"ಬೋರ್ಡ್ ಮಾಡಿದ್ರೆ ಹೋಗೇ ಹೋಗ್ತತಿ ಅಣ್ಣಾ. ನೀವು ಬ್ಯಾಕಪ್ ಇಟ್ಕೋಬೇಕಿತ್ತು."

ಬೈಕ್ ಹತ್ತಿ ಅಂಗಡಿಗೆ ಹೋದೆ. ರೈಲ್ವೆ ಗೇಟ್ ಹಾಕಿತ್ತು, ಅದು ಯಾವಾಗ ತೆಗೆದಿರುತ್ತೆ ಹೇಳಿ. ಗೇಟ್ ಹತ್ತಿರ ನಿಂತುಕೊಂಡೇ ನನಗೆ ಅರ್ಥ ಆಗಿತ್ತು, ಏನು ಮಾಡಿದ್ದಾರೆ ಅಂತ. ಕಂಪ್ಯೂಟರ್‌ಗೆ ಹಾಕಿ ಸಿಸ್ಟಮ್ ಸಾಫ್ಟ್‌ವೇರ್ ತುಂಬುವ ಎಂಐ ಫ್ಲ್ಯಾಶ್ ಟೂಲ್‌ನಲ್ಲಿ ಹೊಸ ರಾಮ್ ಹೊಡೆದಿದ್ದಾರೆ. ಆ ಟೂಲ್‌ನ ಕೆಳಗಡೆ ಮೂರು ಆಯ್ಕೆ ಇರುತ್ತವೆ. ಕ್ಲೀನ್ ಆಲ್, ಸೇವ್ ಯೂಸರ್ ಡೇಟಾ, ಕ್ಲೀನ್ ಆಲ್ ಅಂಡ್ ಲಾಕ್. ಮೊದಲನೆಯದು ಎಲ್ಲ ಅಳಿಸುತ್ತದೆ. ನಡುವಿನದು ನಿಮ್ಮ ಫೋಟೊ ಉಳಿಸುತ್ತದೆ. ಕೊನೆಯದು ಎಲ್ಲ ಅಳಿಸಿ ಬೂಟ್‌ಲೋಡರ್‌ಗೂ ಮತ್ತೆ ಬೀಗ ಹಾಕುತ್ತದೆ. ಹೊಸ ಟೂಲ್‌ಗಳಲ್ಲಿ ಟಿಕ್ ಆಗಿ ಬರೋದೇ ಕೊನೆಯದು. ಒಂದು ಮೌಸ್ ಕ್ಲಿಕ್, ನಡುವಿನದಕ್ಕೆ. ಅಷ್ಟು ಮಾಡಿದ್ದರೆ ಸಾಕಿತ್ತು. ಅಷ್ಟೇ ಸಾಕಿತ್ತು. ಸಿಸ್ಟಮ್ ಇರುವ ಭಾಗವೇ ಬೇರೆ, ಡೇಟಾ ಇರುವ ಭಾಗವೇ ಬೇರೆ. ಬೀಗ ಕೆಟ್ಟಿದೆ ಅಂತ ಮನೆ ಸಾಮಾನನ್ನೆಲ್ಲ ಬೀದಿಗೆ ಎಸೆದ ಹಾಗೆ ಮಾಡಿದ್ದರು.

ಅಂಗಡಿಯಲ್ಲಿ ಡೆವಲಪರ್ ಆಪ್ಷನ್ಸ್ ತೆಗೆದು ಎಂಐ ಅನ್‌ಲಾಕ್ ಸ್ಟೇಟಸ್ ನೋಡಿದೆ. ಲಾಕ್ಡ್ ಅಂತಿತ್ತು. ಇದೇನಿದು ಅಂದೆ. "ಸೆಕ್ಯುರಿಟಿಗೆ ಒಳ್ಳೇದು ಅಣ್ಣಾ" ಅಂದ ಹುಡುಗ. ನಿಜವಾಗಿ ಹಾಗೇ ಅಂದ.

ನಾನು ಕೂಗಾಡಿದೆ. ಪಕ್ಕದ ಅಂಗಡಿಯವರೂ ಇಣುಕಿದರು. ಆಗ ಓನರ್ ದನಿ ಇಳಿಸಿ, ಹೆಗಲ ಮೇಲೆ ಕೈ ಹಾಕಿ, "ಟೆನ್ಷನ್ ಮಾಡ್ಕೋಬೇಡ್ರಿ. ಬೆಂಗಳೂರಲ್ಲಿ ಮಷಿನ್ ಐತಿ, ಡೇಟಾ ರಿಕವರಿ ಮಾಡಿಸ್ತೀನಿ. ನಿಮಗಂತ 1,500. ಬೇರೆಯವರಿಗೆ ಐದು ಸಾವಿರ" ಅಂದರು. ಬೋರ್ಡ್‌ಗೆ 2,800, ಸ್ಟ್ರಿಪ್‌ಗೆ 250, ಇದಕ್ಕೆ 1,500. ಒಟ್ಟು 4,550. ಬೋರ್ಡ್ ದುಡ್ಡು ಮೊದಲು ಕೊಟ್ಟರೆ ಮಾತ್ರ ಬೆಂಗಳೂರಿಗೆ ಕಳಿಸೋದಂತೆ. ಮಗಳ ಮೊದಲ ವರ್ಷದ ಫೋಟೊ ಪೂರ್ತಿ ಇದ್ದದ್ದು ಕಾರ್ಡ್‌ನಲ್ಲಲ್ಲ, ಫೋನಿನ ಮೆಮೊರಿಯಲ್ಲೇ. ಕೊಟ್ಟೆ. ಆ ಜಾಗದಲ್ಲಿ ನೀವಿದ್ದರೂ ಕೊಡುತ್ತಿದ್ದಿರಿ. ಬಿಲ್ ಕೇಳಿದರೆ ವಿಸಿಟಿಂಗ್ ಕಾರ್ಡ್ ಹಿಂದೆ "ಮೊಬೈಲ್ 4550" ಅಂತ ಬರೆದು, ಗೀಟು ಎಳೆದು ಕೊಟ್ಟರು. ಈ ಫೋನನ್ನೇ ಮಾರಿದರೂ ಅಷ್ಟು ದುಡ್ಡು ಬರಲ್ಲ.

ಕೊನೆಗೆ ಫೋನ್ ಬಂತು, ಜೊತೆಗೆ ಒಂದು ಪೆನ್‌ಡ್ರೈವ್. "ಸಿಕ್ಕಷ್ಟು ಸಿಕ್ಕೇತಿ ಅಣ್ಣಾ, ನಿಮ್ಮ ಪುಣ್ಯ."

ಮನೆಗೆ ಬಂದು ಟಿವಿಗೆ ಪೆನ್‌ಡ್ರೈವ್ ಹಾಕಿದೆ. ದುಗ್ಗಮ್ಮನ ಜಾತ್ರೆ ಫೋಟೊ ಬಂತು. ಹೆಂಡತಿಗೆ ಖುಷಿ, ಸಿಕ್ಕಿತಲ್ಲ ಅಂತ. ಅವ್ವ ಖಾರ ಮಂಡಕ್ಕಿ ತಿನ್ನುತ್ತಾ ಕೂತಿದ್ದ ಫೋಟೊ, ಹಳೇ ಹಾಡುಗಳು, ಒಂದು ಸಿನಿಮಾ. ಮಗಳ ಫೋಟೊ ಒಂದೂ ಇಲ್ಲ. ತೂಕದ ಚೀಟಿ ಒಂದೂ ಇಲ್ಲ. ಕೆಳಗೆ ಹೋದೆ, ಲಾಸ್ಟ್.ಡಿಐಆರ್ ಅಂತ ಒಂದು ಫೋಲ್ಡರ್ ಕಂಡಿತು.

ಆ ಫೋಲ್ಡರ್ ಆಂಡ್ರಾಯ್ಡ್ ಮಾಡೋದು ಮೆಮೊರಿ ಕಾರ್ಡ್ ಮೇಲೆ. ಕೈ ನಡುಗಿತು. ಫೋನಿನ ಟ್ರೇ ತೆಗೆದು ಕಾರ್ಡ್ ಹೊರಗೆ ತೆಗೆದು ನೋಡಿದೆ. ಪೆನ್‌ಡ್ರೈವ್‌ನಲ್ಲಿ ಏನಿತ್ತೋ ಕಾರ್ಡ್‌ನಲ್ಲೂ ಅದೇ. ಅದೇ ಜಾತ್ರೆ, ಅದೇ ಹಾಡು, ಅದೇ ಸಿನಿಮಾ, ನಾನು ಇಟ್ಟಿದ್ದ ರಾಮ್ ಫೈಲ್ ಕೂಡ. ಬೆಂಗಳೂರೂ ಇಲ್ಲ, ಮಷಿನ್ನೂ ಇಲ್ಲ. ನನ್ನ ಕಾರ್ಡನ್ನೇ ಕಾಪಿ ಹೊಡೆದು 1,500ಕ್ಕೆ ನನಗೇ ಮಾರಿದ್ದರು. ನನ್ನ ಫೋಟೊ! ನನ್ನ ಕಾರ್ಡ್! ನನಗೇ!

ಅಷ್ಟಕ್ಕೇ ಮುಗಿಯಲಿಲ್ಲ. ಈ ಫೋನ್ ಬಿಚ್ಚಬೇಕಂದ್ರೆ ಕೆಳಗೆ ಚಾರ್ಜಿಂಗ್ ಪಿನ್ ಆಚೀಚೆ ಇರುವ ಎರಡು ಸ್ಕ್ರೂ ತೆಗೆಯಲೇಬೇಕು. ಆಯುಧ ಪೂಜೆಗೆ ಹೆಂಡತಿ ಫೋನಿಗೂ ಅರಿಶಿನ ಕುಂಕುಮ ಹಚ್ಚಿದ್ದಳು. ಆ ಕುಂಕುಮ ಎರಡೂ ಸ್ಕ್ರೂ ತಲೆಯ ಗುಳಿಯಲ್ಲಿ ಒಣಗಿ ಹಾಗೇ ಕೂತಿತ್ತು. ಸೂಜಿ ತುದಿಯಿಂದ ಕೆರೆದರೆ ಪುಡಿ ಬಂತು. ಸ್ಕ್ರೂ ಡ್ರೈವರ್ ತಾಗಿಯೇ ಇಲ್ಲ. ಬೋರ್ಡ್ ರಿಪೇರಿ ಮಾಡಿದ್ದು ಎಲ್ಲಿಂದ? ಗಾಳಿಯಿಂದ? ವಾಲ್ಯೂಮ್ ಅಪ್ ಒತ್ತಿ ನೋಡಿದೆ. ಇಲ್ಲ. ನಾನು ಮಾಡಿ ಅಂದ ಒಂದೇ ಒಂದು ಕೆಲಸ, ಅದೂ ಆಗಿಲ್ಲ.

ಸ್ಕ್ರೂ ಫೋಟೊ, ಎರಡೂ ಕಡೆಯ ಫೋಲ್ಡರ್ ಫೋಟೊ ಓನರ್‌ಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು. ಬಹಳ ಹೊತ್ತಿನ ಮೇಲೆ ಉತ್ತರ: "ಸರ್ ಹುಡುಗ ಹೊಸಬ." ಆಮೇಲೆ: "ಅಂಗಡಿಗೆ ಬನ್ನಿ ಮಾತಾಡೋಣ." ಹೋದರೆ ಓನರ್ ಇಲ್ಲ. ಮತ್ತೆ ಮೆಸೇಜ್ ಹಾಕಿದೆ. "ರೂಟ್ ಮಾಡಿದ ಫೋನಿಗೆ ನಾವು ಗ್ಯಾರಂಟಿ ಕೊಡಲ್ಲ ಸರ್." ಅಣ್ಣಾ ಹೋಗಿ ಸರ್ ಆಗಿದ್ದೆ, ಗಮನಿಸಿ. 2,800 ತಗೊಳ್ಳುವಾಗ ರೂಟ್ ನೆನಪಿರಲಿಲ್ಲ. ಕೊನೆಯ ಮೆಸೇಜ್: "500 ವಾಪಸ್ ಕೊಡ್ತೀನಿ, ವಿಷಯ ಬಿಟ್ಟುಬಿಡಿ." ಅದಾದ ಮೇಲೆ ಬ್ಲಾಕ್.

ಮಗಳ ಫೋಟೊ ಇನ್ನು ಬರಲ್ಲ. ಅಕ್ಕನ ಮಗನೂ ಅದನ್ನೇ ಹೇಳಿದ. ಈಗಿನ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದೋಕೆ ಬರಲ್ಲ, ಪೂರ್ತಿ ಅಳಿಸಿದರೆ ಅದರ ಕೀ ಸಮೇತ ಹೋಗುತ್ತದೆ, ಯಾವ ಮಷಿನ್ ತಂದರೂ ಪ್ರಯೋಜನ ಇಲ್ಲ. ಹಾಗಾಗಿ ಅಳಿಸಿದ ಮೇಲೆ "ರಿಕವರಿ ಮಾಡಿಸ್ತೀನಿ" ಅಂದವನ ಕೈಗೆ ಒಂದು ರೂಪಾಯಿನೂ ಇಡಬೇಡಿ.

ಇನ್ನು ಫೋನ್ ಲೋಗೋದಲ್ಲಿ ನಿಂತವರಿಗೆ. ರಿಕವರಿಗೆ ಹೋಗೋಕೆ ಆದರೆ ಮೇಲೆ ಹೇಳಿದ 644 ಕೊಡಿ. ಕೆಲವು ಎಡಿಟರ್‌ಗಳು ಹಳೇ ಫೈಲನ್ನು ಪಕ್ಕದಲ್ಲೇ .ಬಿಎಕೆ ಅಂತ ಬಿಟ್ಟಿರುತ್ತವೆ, ಇದ್ದರೆ ಅದನ್ನೇ ಹಳೇ ಹೆಸರಿಗೆ ತಿರುಗಿಸಿ. ಅದೂ ಆಗದಿದ್ದರೆ ಅದೇ ವರ್ಷನ್ ರಾಮ್ ಅನ್ನು ಡೇಟಾ ವೈಪ್ ಮಾಡದೆ (ಅಳಿಸದೆ) ಮೇಲಿಂದ ಮೇಲೆ ಹಾಕಿ. ಬಟನ್ ಕೆಟ್ಟಿದ್ದರೆ ಯಾರದಾದರೂ ಕಂಪ್ಯೂಟರ್ ಹುಡುಕಿ, ಫಾಸ್ಟ್‌ಬೂಟ್‌ನಿಂದಲೇ ಟಿಡಬ್ಲ್ಯೂಆರ್‌ಪಿ ಬೂಟ್ ಮಾಡಿ. ಡೆನ್ಸಿಟಿ ಬದಲಿಸುವಂಥ ಕೆಲಸಕ್ಕೆ ರೂಟ್ ಮಾಡುವ ಮ್ಯಾಜಿಸ್ಕ್ ಆ್ಯಪ್‌ಗೆ ಸೇರಿಸುವ ಮಾಡ್ಯೂಲ್ ಇವೆ, ಅವು ಸಿಸ್ಟಮ್ ಫೈಲ್ ಮುಟ್ಟುವುದೇ ಇಲ್ಲ. ಅಂಗಡಿಗೆ ಹೋಗಲೇಬೇಕಾದರೆ ಮೆಮೊರಿ ಕಾರ್ಡ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, "ಡೇಟಾ ಅಳಿಸಬಾರದು" ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದವನಿಗೆ ಫೋನ್ ಕೊಡಬೇಡಿ.

ನಾನು 1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ಕಾಲ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹಾಕುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ. ವಿಸಿಟಿಂಗ್ ಕಾರ್ಡ್ ಹಿಂದಿನ ಬರಹ, ವಾಟ್ಸಾಪ್ ಮೆಸೇಜ್, ಕುಂಕುಮದ ಸ್ಕ್ರೂ ಫೋಟೊ ಎಲ್ಲ ಇಟ್ಟುಕೊಂಡಿದ್ದೇನೆ. ಅಶೋಕ ರಸ್ತೆ ಕಡೆ ಯಾರಿಗಾದರೂ ಇದೇ ಥರ ಪೆನ್‌ಡ್ರೈವ್ ಕೊಟ್ಟಿದ್ದರೆ ದಯವಿಟ್ಟು ತಿಳಿಸಿ, ಇಬ್ಬರು ಮೂವರು ಸೇರಿದರೆ ದೂರಿಗೆ ತೂಕ ಬರುತ್ತದೆ. ಲ್ಯಾಪ್‌ಟಾಪ್ ಈಗ ಮನೆಗೆ ವಾಪಸ್ ಬಂದಿದೆ. ದಾವಣಗೆರೆಯಲ್ಲಿ ಯಾರ ಫೋನಾದರೂ ಲೋಗೋದಲ್ಲೇ ನಿಂತಿದ್ದರೆ ಅಂಗಡಿಗೆ ಕೊಡೋಕೆ ಮುಂಚೆ ನನಗೆ ಹೇಳಿ, ಕೇಬಲ್ ಮಾತ್ರ ತನ್ನಿ.