ಒಂದೇ ಅಳತೆಯಲ್ಲಿ ಮೂರು ಹಡಗು: ತುಮಕೂರಿನ ತ್ರೀಡಿ ಪ್ರಿಂಟಿಂಗ್ ಮಳಿಗೆಯೊಂದರ ಕೆಲಸ

ಗುಬ್ಬಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ನೌಕಾಪಡೆ ದಿನದ ಪ್ರದರ್ಶನಕ್ಕಾಗಿ, ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿರುವ ತ್ರೀಡಿ ಪ್ರಿಂಟಿಂಗ್ ಮಳಿಗೆಯೊಂದರಲ್ಲಿ ಮೂರು ಹಡಗುಗಳ ಮಾದರಿಗಳನ್ನು ಮಾಡಿಸಿದೆವು. ಎರಡನೇ ಮಹಾಯುದ್ಧದಲ್ಲಿ ಒಂದೇ ಕಾಳಗದಲ್ಲಿ ಎದುರಾದ ಜಪಾನಿನ ಹೊಕೊಕು ಮಾರು, ಬ್ರಿಟಿಷರ ಕಾಲದ ಭಾರತದ ನೌಕಾಪಡೆಯಾದ ರಾಯಲ್ ಇಂಡಿಯನ್ ನೇವಿಯ ಬೆಂಗಾಲ್ ಮತ್ತು ಡಚ್ಚರ ತೈಲ ಟ್ಯಾಂಕರ್ ಒಂಡಿನಾ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಬಿಡಿಭಾಗ ಮಾಡಿಕೊಡುವುದೇ ಆ ಮಳಿಗೆಯ ನಿತ್ಯದ ಕೆಲಸ. ಆದ್ದರಿಂದ ಇಂಥ ಬೇಡಿಕೆಯನ್ನು ಅವರು ಹೇಗೆ ನಿಭಾಯಿಸುತ್ತಾರೆಂಬುದು ಇತರ ಶಾಲೆಗಳಿಗೂ ಉಪಯೋಗವಾಗಬಹುದೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ.

ಹೊಕೊಕು ಮಾರುವಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಮಳಿಗೆಯ ಹುಡುಗ ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೇ, ಇದು ಜನ ಹೋಗೋ ಹಡಗಿನ ಥರ ಇದೆಯಲ್ಲ, ಇದಕ್ಯಾಕೆ ಇಷ್ಟೊಂದು ತೋಪು?" ಎಂಬುದು. ಈ ಮಾದರಿ ಉತ್ತರಿಸಬೇಕಾದದ್ದೂ ಇದೇ ಪ್ರಶ್ನೆಗೆ. ಒಸಾಕಾ ಶೋಸೆನ್ ಕಂಪನಿಗಾಗಿ ಕಟ್ಟಿ 1940ರಲ್ಲಿ ಪೂರ್ಣಗೊಂಡ ಹೊಕೊಕು ಮಾರು ಪ್ರಯಾಣಿಕರನ್ನೂ ಸರಕನ್ನೂ ಒಯ್ಯುವ, ಹತ್ತು ಸಾವಿರ ಟನ್ನಿಗೂ ಮೀರಿದ ಹಡಗು. 1941ರಲ್ಲಿ ಜಪಾನಿನ ನೌಕಾಪಡೆ ಅದನ್ನು ವಶಕ್ಕೆ ತೆಗೆದುಕೊಂಡು, ಸುಮಾರು ಆರು ಅಂಗುಲ ಬಾಯಿಯ ಎಂಟು ತೋಪುಗಳನ್ನೂ ನೀರೊಳಗೆ ಸಾಗಿ ಸಿಡಿಯುವ ಟಾರ್ಪಿಡೊಗಳನ್ನು ಹಾರಿಸುವ ಕೊಳವೆಗಳನ್ನೂ ನೀರಿನ ಮೇಲೆ ಇಳಿಯಬಲ್ಲ ವಿಮಾನವನ್ನೂ ಅದಕ್ಕೆ ಅಳವಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ತನ್ನ ಜೊತೆಗಾರ ಐಕೊಕು ಮಾರುವಿನೊಂದಿಗೆ ದಕ್ಷಿಣ ಪೆಸಿಫಿಕ್‌ನಲ್ಲಿ ಅಮೆರಿಕದ ಸರಕು ಹಡಗು ವಿನ್ಸೆಂಟನ್ನು ಮುಳುಗಿಸಿತು. 1942ರಲ್ಲಿ ಎರಡೂ ಹಡಗುಗಳು ಹಿಂದೂ ಮಹಾಸಾಗರಕ್ಕೆ ಬಂದು, ಒಂದು ಕಡೆ ಜಪಾನಿನ ಜಲಾಂತರ್ಗಾಮಿಗಳಿಗೆ ಇಂಧನ ಮತ್ತು ಸಾಮಗ್ರಿ ಪೂರೈಸುತ್ತ, ಇನ್ನೊಂದು ಕಡೆ ಒಂಟಿಯಾಗಿ ಸಾಗುವ ಹಡಗುಗಳ ಮೇಲೆ ಎರಗತೊಡಗಿದವು. ಮೇ ತಿಂಗಳಲ್ಲಿ ಡಚ್ ಟ್ಯಾಂಕರ್ ಗೆನೋಟಾ ಸೆರೆಯಾಯಿತು, ಜೂನ್‌ನಲ್ಲಿ ಬ್ರಿಟನ್ನಿನ ಎಲಿಸಿಯಾ ದಾಳಿಗೆ ಬಲಿಯಾಯಿತು, ಜುಲೈನಲ್ಲಿ ನ್ಯೂಜಿಲೆಂಡಿನ ಹೌರಾಕಿ ಅವರ ಕೈವಶವಾಯಿತು. ವ್ಯಾಪಾರಿ ಹಡಗಿನ ಒಡಲು, ಯುದ್ಧನೌಕೆಯ ಆಯುಧ, ಪೂರೈಕೆ ಹಡಗಿನ ಕೆಲಸ, ಈ ಮೂರೂ ಒಂದೇ ಮಾದರಿಯಲ್ಲಿ ಕಾಣದಿದ್ದರೆ ಅದು ಹೊಕೊಕು ಮಾರು ಆಗುವುದಿಲ್ಲ.

ಈ ಮೂರು ಹಡಗುಗಳು ಎದುರಾದದ್ದು 1942ರ ನವೆಂಬರ್ 11ರಂದು, ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ನೈರುತ್ಯಕ್ಕೆ. ಆಸ್ಟ್ರೇಲಿಯಾದಲ್ಲಿ ಕಟ್ಟಿ ಕೆಲವೇ ತಿಂಗಳ ಹಿಂದೆ ಸೇವೆಗೆ ಸೇರಿದ್ದ, ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ತೆಗೆಯುವ ಮೈನ್‌ಸ್ವೀಪರ್ ಬೆಂಗಾಲ್, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಡಿಯೆಗೊ ಗಾರ್ಸಿಯಾ ದ್ವೀಪದ ಕಡೆಗೆ ಒಂಡಿನಾದ ಬೆಂಗಾವಲಿಗೆ ಹೊರಟಿತ್ತು. ಬೆಂಗಾಲ್‌ನ ಮುಖ್ಯ ತೋಪು ಮೂರು ಅಂಗುಲದ್ದು, ಒಂದೇ ಒಂದು. ಒಂಡಿನಾದ ಹಿಂಭಾಗದಲ್ಲಿದ್ದದ್ದು ನಾಲ್ಕು ಅಂಗುಲದ ಒಂದು ತೋಪು. ಎದುರಿಗೆ ಬಂದದ್ದು ಹೊಕೊಕು ಮಾರು ಮತ್ತು ಐಕೊಕು ಮಾರು ಎರಡೂ. ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ಟ್ಯಾಂಕರಿಗೆ ತಪ್ಪಿಸಿಕೊಳ್ಳಲು ಹೇಳಿ, ತಮ್ಮ ಪುಟ್ಟ ಹಡಗನ್ನು ನೇರವಾಗಿ ಶತ್ರುವಿನತ್ತ ತಿರುಗಿಸಿದರು. ಗುಂಡೇಟು ತಿಂದ ಹೊಕೊಕು ಮಾರುವಿನಲ್ಲಿ ಬೆಂಕಿ ಹಬ್ಬಿ, ಮದ್ದುಗುಂಡುಗಳು ಸಿಡಿದು ಅದು ಮುಳುಗಿತು. ಆ ಏಟು ತಮ್ಮದೆಂದು ಬೆಂಗಾಲ್, ಒಂಡಿನಾ ಎರಡೂ ಹಡಗಿನವರು ಹೇಳಿಕೊಂಡರು. ಟಾರ್ಪಿಡೊ ಬಡಿದು, ನಾಯಕನನ್ನು ಕಳೆದುಕೊಂಡ ಒಂಡಿನಾವನ್ನು ಬಿಟ್ಟಿಳಿದ ಸಿಬ್ಬಂದಿ, ಐಕೊಕು ಮಾರು ಹೊರಟುಹೋದ ಮೇಲೆ ಮತ್ತೆ ಹಡಗೇರಿ ಅದನ್ನು ಫ್ರೀಮ್ಯಾಂಟಲ್‌ಗೆ ಮರಳಿಸಿದರು. ಬೆಂಗಾಲ್ ಕೂಡ ಉಳಿದು, ಸ್ವಾತಂತ್ರ್ಯದ ನಂತರ ಭಾರತೀಯ ನೌಕಾಪಡೆಯಲ್ಲಿ ಸೇವೆ ಮುಂದುವರಿಸಿತು.

ಮಳಿಗೆಯವರು ಮಾಡಿದ ಅತ್ಯುತ್ತಮ ಕೆಲಸವೆಂದರೆ ಮೂರನ್ನೂ 350ರಲ್ಲಿ ಒಂದರ ಅಳತೆಯಲ್ಲೇ ಮುದ್ರಿಸಬೇಕೆಂಬ ನಮ್ಮ ಹಟವನ್ನು ಒಪ್ಪಿಕೊಂಡದ್ದು. ಹೊಕೊಕು ಮಾರು ಅವರ ರೆಸಿನ್ ಯಂತ್ರದ ತಟ್ಟೆಗೆ ಹಿಡಿಸುವುದಿಲ್ಲವೆಂದು ಮೊದಲು ಅದನ್ನೊಂದೇ ಚಿಕ್ಕದಾಗಿಸಲು ಸೂಚಿಸಿದ್ದರು. ಹಾಗೆ ಮಾಡಿದ್ದರೆ ಇಡೀ ಪ್ರದರ್ಶನದ ಅರ್ಥವೇ ಹೋಗುತ್ತಿತ್ತು. ಕೊನೆಗೆ ಒಡಲನ್ನು ಮೂರು ತುಂಡಾಗಿ ಮುದ್ರಿಸಿ ಅಂಟಿಸಿದರು. ಈಗ ಮೇಜಿನ ಮೇಲೆ ಒಂದೂವರೆ ಅಡಿಯ ಜಪಾನೀ ಹಡಗಿನ ಎದುರು ಗೇಣುದ್ದವೂ ಇಲ್ಲದ ಬೆಂಗಾಲ್ ನಿಂತಿದೆ. ಎಂಟನೇ ತರಗತಿಯ ಮಕ್ಕಳಿಗೆ ಅಂದಿನ ಕಾಳಗದ ಅಸಮಾನತೆ ವಿವರಿಸಲು ಇದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ.

ಬೆಂಗಾಲ್ ಮೂರರಲ್ಲೂ ಅಚ್ಚುಕಟ್ಟಾಗಿದೆ. ಅದರ ಸಣ್ಣ ತೋಪು, ಕೈಹಿಡಿ ಕಂಬಿಗಳು ಕೂಡ ಮುರಿಯದೆ ಬಂದಿವೆ. ಒಂಡಿನಾ ಸಾಧಾರಣ. ಹೊಕೊಕು ಮಾರುವಿನ ಬಗ್ಗೆ ಮಾತ್ರ ನನಗೆ ಎರಡು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, ಟಾರ್ಪಿಡೊ ಕೊಳವೆಗಳು ತೆಳುವಾಗಿ ಮುರಿಯುತ್ತವೆಂದು ನಮ್ಮನ್ನು ಕೇಳದೆಯೇ ಅವುಗಳನ್ನು ಕೈಬಿಟ್ಟದ್ದು. ಎರಡನೆಯದು ಬಣ್ಣ. 1942ರ ಛಾಯಾಚಿತ್ರಗಳಲ್ಲಿ ಈ ಹಡಗಿನ ಮೈಮೇಲೆ ದೂರದಿಂದ ನೋಡುವವರ ಅಂದಾಜು ತಪ್ಪಿಸುವ ಅಂಕುಡೊಂಕು ಪಟ್ಟೆಗಳಿವೆ. ಚಿತ್ರಗಳನ್ನು ಕೊಟ್ಟಿದ್ದರೂ ಅವರು ಇಡೀ ಹಡಗಿಗೆ ಒಂದೇ ಬೂದು ಬಣ್ಣ ಬಳಿದಿದ್ದರು. ಬೂದು ಬಣ್ಣ ಅದನ್ನು ಹುಟ್ಟಾ ಯುದ್ಧನೌಕೆಯಂತೆ ತೋರಿಸುತ್ತದೆ. ಆ ಹಡಗು ಹಾಗಿರಲಿಲ್ಲ. ಹೇಳಿದ ಮೇಲೆ ಯಾವ ತಕರಾರೂ ಇಲ್ಲದೆ, ಹೆಚ್ಚಿನ ಹಣವನ್ನೂ ಕೇಳದೆ ಪಟ್ಟೆಗಳನ್ನು ಬಳಿದುಕೊಟ್ಟರು. ಕೊಳವೆಗಳನ್ನು ನಮ್ಮ ಚಿತ್ರಕಲಾ ಶಿಕ್ಷಕರು ಹಿತ್ತಾಳೆ ತಂತಿಯಿಂದ ಮಾಡಿ ಕೂರಿಸಿದ್ದಾರೆ.

ಬೆಲೆ ಕಡಿಮೆಯೇನಲ್ಲ, ಆದರೆ ಬೆಂಗಳೂರಿನಲ್ಲಿ ಕೇಳಿದ್ದಕ್ಕೆ ಹೋಲಿಸಿದರೆ ಅರ್ಧದಷ್ಟು. ಹೇಳಿದ ದಿನಕ್ಕೆ ಕೊಟ್ಟರು. ಇಲ್ಲಿ ಮಾಡಿಸುವವರು ಯಾವ ಭಾಗವನ್ನೂ ತಮ್ಮ ಒಪ್ಪಿಗೆಯಿಲ್ಲದೆ ಬಿಡಬಾರದೆಂದು ಮುಂಗಡ ಕೊಡುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳಲಿ, ಬಣ್ಣ ಬಳಿಯುವ ಮೊದಲು ಒಮ್ಮೆ ಖುದ್ದಾಗಿ ಹೋಗಿ ನೋಡಲಿ. ಮುಂದಿನ ವರ್ಷ ಐಕೊಕು ಮಾರುವನ್ನೂ ಇವರಿಂದಲೇ ಮಾಡಿಸಬೇಕೆಂದು ಶಾಲೆಯಲ್ಲಿ ನಿರ್ಧರಿಸಿದ್ದೇವೆ.