ನುಡಿಯೋ ಯೂನಿಕೋಡೋ: ತುಮಕೂರಿನ ಥೀಸಿಸ್ ಟೈಪಿಂಗ್ ಅಂಗಡಿಗಳು

ತುಮಕೂರು ವಿಶ್ವವಿದ್ಯಾಲಯದ ಸುತ್ತಮುತ್ತ, ಬಿ.ಎಚ್. ರಸ್ತೆಯ ಬದಿಯಲ್ಲಿ, ಜೆರಾಕ್ಸ್ ಯಂತ್ರದ ಹಿಂದೆ ಎರಡು ಕಂಪ್ಯೂಟರ್ ಇಟ್ಟುಕೊಂಡ ಅಂಗಡಿಗಳಿಗೆ ಬರವಿಲ್ಲ. ಬೋರ್ಡಿನಲ್ಲಿ ‘ಥೀಸಿಸ್ ವರ್ಕ್’ ಎಂದಿದ್ದರೆ ಟೈಪಿಂಗ್, ಪುಟ ಜೋಡಣೆ, ಪ್ರಿಂಟ್, ಬೈಂಡಿಂಗ್ ನಾಲ್ಕೂ ಒಂದೇ ಕಡೆ ಎಂದರ್ಥ. ಶಿರಾ, ಮಧುಗಿರಿ ಕಡೆಯವರಿಗೆ ಇದು ದೊಡ್ಡ ಅನುಕೂಲ. ಪಾವಗಡದವರಿಗಂತೂ ಒಂದು ಸಲ ಬಂದು ಹೋದರೆ ಆ ದಿನ ಮುಗಿಯಿತು. ಕನ್ನಡದಲ್ಲಿ ಮಹಾಪ್ರಬಂಧವನ್ನೋ ಎಂ.ಎ. ಕಿರುಪ್ರಬಂಧವನ್ನೋ ಬರೆಯುವವರ ಕಡೆಯಿಂದ ಈ ಸೇವೆಯನ್ನು ಇಲ್ಲಿ ತೂಗಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದರಲ್ಲಿ ಅರ್ಧ ತೊಂದರೆ ಇರುವುದೇ ಇಲ್ಲ.

ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೈಪಿಂಗ್ ವೇಗಕ್ಕೆ ಹತ್ತಕ್ಕೆ ಎಂಟು, ಬೈಂಡಿಂಗಿಗೆ ಏಳು, ಕೊನೆಗೆ ಪೆನ್‌ಡ್ರೈವಿಗೆ ಹಾಕಿಕೊಡುವ ಫೈಲಿಗೆ ಮೂರು. ಕಾಗದದ ಮೇಲೆ ಚೆಂದ ಕಾಣುವ ಪ್ರಬಂಧ ಗ್ರಂಥಾಲಯದ ಕಂಪ್ಯೂಟರಿಗೆ ಹೋದ ತಕ್ಷಣ ಯಾಕೆ ಮುಗ್ಗರಿಸುತ್ತದೆ ಎಂಬುದು ಆ ಮೂರರಲ್ಲಿದೆ.

ಕಾರಣ ಒಂದೇ. ಬಹಳಷ್ಟು ಡಿಟಿಪಿಯವರು ಇವತ್ತಿಗೂ ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಆ ಫಾಂಟಿನಲ್ಲಿ ಫೈಲಿನ ಒಳಗೆ ಕನ್ನಡವೇ ಇರುವುದಿಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ ಅಷ್ಟೆ. ಪರೀಕ್ಷೆ ಸುಲಭ: ಒಂದು ಪ್ಯಾರಾ ಆಯ್ಕೆ ಮಾಡಿ ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ. ‘ಕನ್ನಡ’ ಎಂಬ ಪದ ಇಂಗ್ಲಿಷಿನ ‘ಪಿ’ಯಿಂದ ಶುರುವಾಗಿ, ನಡುವೆ ಪೌಂಡಿನ ಗುರುತು ಬಂದು, ಅಲ್ಲಲ್ಲಿ ತಲೆಯ ಮೇಲೆ ಗೀರು ಎಳೆದ ‘ಎ’ಗಳು ಕಂಡರೆ ಅದು ಹಳೆಯ ನುಡಿ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ಆಗಿದ್ದರೆ ಫಾಂಟ್ ಏನೇ ಬದಲಿಸಿದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಹಸ್ತಪ್ರತಿ ಕೊಡುವ ಮೊದಲು, ಬೇರೆಯವರಿಗಾಗಿ ಮಾಡಿದ ಯಾವುದಾದರೂ ಒಂದು ಪುಟ ತೆರೆಸಿ ಈ ಪರೀಕ್ಷೆ ಮಾಡಿ. ಅರ್ಧ ನಿಮಿಷದ ಕೆಲಸ.

‘ಯೂನಿಕೋಡ್ ಟೈಪ್ ಮಾಡೋದು ಕಷ್ಟ ಸಾರ್, ರೇಟ್ ಜಾಸ್ತಿ ಆಗುತ್ತೆ’ ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ನುಡಿಯ ಹೊಸ ಆವೃತ್ತಿಗಳಲ್ಲೇ ಯೂನಿಕೋಡ್ ಇದೆ, ಕೀಲಿಮಣೆಯೂ ಅದೇ ಕೆ.ಪಿ. ರಾವ್ ಅವರ ವಿನ್ಯಾಸ. ‘ಎಫ್’ ಒತ್ತಿ ಒತ್ತಕ್ಷರ ಮೂಡಿಸುವುದೂ ಹಾಗೆಯೇ. ಟೈಪಿಸ್ಟಿನ ಬೆರಳು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ನಿಜವಾದ ಅಡ್ಡಿ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್. 2001ರಲ್ಲಿ ಬಂದ 7.0 ಆವೃತ್ತಿಯನ್ನೇ ಲಗ್ನಪತ್ರಿಕೆ, ಕರಪತ್ರಗಳಿಗಾಗಿ ಇಟ್ಟುಕೊಂಡಿರುವ ಅಂಗಡಿಗಳಿವೆ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಅಡಿಟಿಪ್ಪಣಿ ಹಾಕುವ ಸೌಕರ್ಯವೂ ಇಲ್ಲ. ಲಗ್ನಪತ್ರಿಕೆಗೆ ಇವೆರಡೂ ಬೇಡ. ಪ್ರಬಂಧಕ್ಕೆ ಎರಡೂ ಬೇಕು.

ಪೇಜ್‌ಮೇಕರಿನಲ್ಲಿ, ಅಥವಾ ವರ್ಡಿನಲ್ಲೇ ಆದರೂ ಪೇಜ್‌ಮೇಕರಿನ ಅಭ್ಯಾಸದಲ್ಲಿ, ಟೈಪಿಸ್ಟ್ ಅಡಿಟಿಪ್ಪಣಿಯ ಸಂಖ್ಯೆಯನ್ನು ಕೈಯಿಂದ ಮೇಲಕ್ಕೆತ್ತಿ, ಟಿಪ್ಪಣಿಯನ್ನು ಪುಟದ ತಳದಲ್ಲಿ ಬಿಡಿಯಾಗಿ ಕೂರಿಸುತ್ತಾರೆ. ಮೊದಲ ಪ್ರೂಫಿನಲ್ಲಿ ಎಲ್ಲ ಸರಿ. ಗೈಡ್ ಎರಡನೆಯ ಅಧ್ಯಾಯಕ್ಕೆ ಹತ್ತು ಸಾಲು ಸೇರಿಸಿ ಎಂದ ದಿನ 43ನೇ ಟಿಪ್ಪಣಿ ಮುಂದಿನ ಪುಟಕ್ಕೆ ಜಾರುತ್ತದೆ, ಅದರ ಸಂಖ್ಯೆ ಹಿಂದಿನ ಪುಟದಲ್ಲೇ ಉಳಿಯುತ್ತದೆ. ಆಮೇಲೆ ಪುಟ ಪುಟವೂ ತಿದ್ದುವ ಕೂಲಿ. ವರ್ಡಿನಲ್ಲಿ ಕಂಟ್ರೋಲ್, ಆಲ್ಟ್, ಎಫ್ ಮೂರನ್ನೂ ಒಟ್ಟಿಗೆ ಒತ್ತಿ ಹಾಕಿದ ಟಿಪ್ಪಣಿಯಾದರೆ ಸಂಖ್ಯೆಯೂ ಜಾಗವೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಪರಿವಿಡಿಯ ಕಥೆಯೂ ಇದೇ. ಅಧ್ಯಾಯದ ಹೆಸರಿಗೆ, ಉಪಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಡಿಸಿದರೆ ಪರಿವಿಡಿ ಒಂದು ಕ್ಲಿಕ್ಕಿನಲ್ಲಿ ಹೊಸದಾಗುತ್ತದೆ. ಚುಕ್ಕಿ ಚುಕ್ಕಿ ಒತ್ತಿ ಪುಟಸಂಖ್ಯೆ ಬರೆದ ಪರಿವಿಡಿ ಕೊನೆಯ ಪ್ರಿಂಟಿನ ಹೊತ್ತಿಗೆ ಎಲ್ಲಾದರೂ ಒಂದು ಕಡೆ ತಪ್ಪೇ ಇರುತ್ತದೆ.

ಈ ಫಾಂಟಿನ ಜಗಳ ಬರೀ ಅಚ್ಚುಕಟ್ಟುತನದ್ದಲ್ಲ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಬೇರೆ ಬರಹಗಳೊಂದಿಗಿನ ಸಾಮ್ಯತೆ 10%ವರೆಗೆ ಇದ್ದರೆ ದಂಡನೆಯಿಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಈ ಅಳತೆ ಮಾಡುವ ತಂತ್ರಾಂಶಕ್ಕೆ ಹಳೆಯ ನುಡಿಯ ಫೈಲ್ ಕೊಟ್ಟರೆ ಅದು ಓದುವುದು ಕನ್ನಡವನ್ನಲ್ಲ, ಆ ಪೌಂಡಿನ ಗುರುತುಗಳನ್ನು. ‘ಸೊನ್ನೆ ಪರ್ಸೆಂಟ್ ಬಂತು’ ಎಂದು ಹಿಗ್ಗಿದವರ ವರದಿ ತೆರೆದರೆ ಒಳಗೆ ಒಂದು ಪದವನ್ನೂ ಓದಲಾಗದು. ಅಂಥ ವರದಿಯನ್ನು ಗ್ರಂಥಾಲಯದವರು ಒಪ್ಪಬೇಕೆಂದೇನಿಲ್ಲ. ಪಿಡಿಎಫ್ ಕೊಟ್ಟರೂ ಪೂರ್ತಿ ಕ್ಷೇಮವಿಲ್ಲ. ಯೂನಿಕೋಡಿನಿಂದಲೇ ಮಾಡಿದ ಕನ್ನಡ ಪಿಡಿಎಫ್‌ನಲ್ಲೂ ಅಕ್ಷರ ಹೊರತೆಗೆಯುವಾಗ ಒತ್ತು, ಸ್ವರಚಿಹ್ನೆಗಳ ಸಾಲು ಏರುಪೇರಾಗುವುದುಂಟು. ತಪಾಸಣೆಗೆ ವರ್ಡ್ ಫೈಲನ್ನೇ ಕೊಡಿ.

ಈಗಾಗಲೇ ಹಳೆಯ ನುಡಿಯಲ್ಲಿ ಟೈಪಾಗಿ ಮುಗಿದಿದ್ದರೆ ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ‘ಒಂದು ಕ್ಲಿಕ್ ಸಾರ್’ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಆ ಕ್ಲಿಕ್ಕಿನ ನಂತರದ ಮೂರು ದಿನದ ವಿಷಯ ಮಾತ್ರ ಹೇಳುವುದಿಲ್ಲ. ಪರಿವರ್ತಕಕ್ಕೆ ಬರೀ ಪಠ್ಯ ಅಂಟಿಸಿ ತೆಗೆದರೆ ದಪ್ಪಕ್ಷರ, ಓರೆಯಕ್ಷರ, ಅಡಿಟಿಪ್ಪಣಿಗಳ ಕೊಂಡಿ ಎಲ್ಲ ಕಳಚಿಬೀಳುತ್ತವೆ. ನಡುನಡುವೆ ಇಂಗ್ಲಿಷ್ ಪದ, ಪುಸ್ತಕದ ಹೆಸರು, ಜಾಲತಾಣದ ವಿಳಾಸ ಇದ್ದರೆ ಅವನ್ನೂ ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿ ಮಾಡಿಬಿಡುತ್ತದೆ. ಹಾಗಾಗಿ ಪರಿವರ್ತಿಸುವ ಮೊದಲು ಇಂಗ್ಲಿಷ್ ಭಾಗಗಳನ್ನು ಬೇರೆ ತೆಗೆದಿಟ್ಟು ಆಮೇಲೆ ಕೂರಿಸಬೇಕು. ಹೆಚ್ಚು ಕೆಡುವುದು ಅರ್ಕಾವತ್ತು, ಅಂದರೆ ‘ರ್’ ಸೂಚಿಸುವ ಗುರುತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ವ್ಯಂಜನದ ಆಚೆಗೆ ಇರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಎರಡು ಒತ್ತು ಸೇರಿದ ಕಡೆ ಪರಿವರ್ತಕ ಎಡವುತ್ತದೆ. ‘ಸಾಮರ್ಥ್ಯ’, ‘ಅರ್ಘ್ಯ’, ‘ರಾಷ್ಟ್ರ’, ‘ಪ್ರಾಶಸ್ತ್ಯ’ ಈ ನಾಲ್ಕನ್ನು ಹುಡುಕಿ ನೋಡಿದರೆ ಫೈಲಿನ ಆರೋಗ್ಯ ತಿಳಿಯುತ್ತದೆ. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ನಡುವಿನ ಅದೃಶ್ಯ ಗುರುತು ಹಾರಿಹೋಗಿ ‘ಸಾಫ್ಟ್ವೇರ್’ ಆಗುವುದು ಇನ್ನೊಂದು. ಅಕ್ಷರದ ಅಳತೆಯೂ ಫಾಂಟಿನಿಂದ ಫಾಂಟಿಗೆ ಒಂದೇ ಅಲ್ಲ. ನುಡಿಯ 14 ಪಾಯಿಂಟ್ ವಿಂಡೋಸಿನ ಯೂನಿಕೋಡ್ ಫಾಂಟಾದ ನಿರ್ಮಲದ 14 ಪಾಯಿಂಟ್ ಆಗುವುದಿಲ್ಲ, ಪುಟಗಳೆಲ್ಲ ಜರುಗುತ್ತವೆ. ಸಾಲಿನ ಅಂತರವನ್ನು ‘ಎಕ್ಸಾಕ್ಟ್‌ಲಿ’ ಎಂದು ಬಿಗಿಯಾಗಿ ಇಟ್ಟಿದ್ದರೆ ‘ಸ್ತ್ರೀ’ಯ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿದಂತೆ ಕಂಡೀತು. ‘1.5 ಲೈನ್ಸ್’ ಇಟ್ಟರೆ ಈ ರಗಳೆಯಿಲ್ಲ.

ಅಂಗಡಿಯವರನ್ನು ಮೆಚ್ಚಬೇಕಾದ ಕಡೆ ಮೆಚ್ಚಲೇಬೇಕು. ಮೂರು ಬಣ್ಣದ ಶಾಯಿಯಲ್ಲಿ, ಬಾಣದ ಗುರುತುಗಳ ಸಮೇತ, ಹಾಳೆಯ ಹಿಂದೆ ಮುಂದೆ ಬರೆದ ಹಸ್ತಪ್ರತಿಯನ್ನು ಓದಿ ಟೈಪ್ ಮಾಡುವವರು ಇಲ್ಲಿದ್ದಾರೆ, ಕಾಗುಣಿತದ ತಪ್ಪು ಅವರಿಂದ ಆಗುವುದಕ್ಕಿಂತ ಅವರು ತಿದ್ದುವುದೇ ಹೆಚ್ಚು. ತೊಂದರೆ ಈ ತಿದ್ದುವ ಗುಣದಲ್ಲೇ ಇದೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಹಾಡುವವರ ಬಾಯಿಂದ ಬರೆದುಕೊಂಡು ತಂದವರ ಪಠ್ಯದಲ್ಲಿ ‘ಬಂದವ್ನೆ’ ಎಂದಿದ್ದರೆ ಟೈಪಿಸ್ಟಿನ ಬೆರಳು ‘ಬಂದಿದ್ದಾನೆ’ ಎಂದುಬಿಡುತ್ತದೆ. ಜಾನಪದ ಪ್ರಬಂಧದಲ್ಲಿ ಅದು ದತ್ತಾಂಶವನ್ನೇ ಅಳಿಸಿದ ಹಾಗೆ. ಶಾಸನದ ಕೆಲಸದವರಿಗೆ ಇನ್ನೂ ಕಷ್ಟ. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತುಮಕೂರು ಜಿಲ್ಲೆಯದು, 10ನೆಯದು ಕೋಲಾರದ್ದು, ಇಲ್ಲಿಯ ಅನೇಕ ಪ್ರಬಂಧಗಳಿಗೆ ಅವೇ ಆಕರ. ಅವುಗಳಿಂದ ತೆಗೆದ ಹಳಗನ್ನಡ ಸಾಲುಗಳ ‘ಱ’ ಸದ್ದಿಲ್ಲದೆ ‘ರ’ ಆಗುತ್ತದೆ, ‘ೞ’ ಬರೀ ‘ಳ’ ಆಗುತ್ತದೆ. ಯೂನಿಕೋಡಿನಲ್ಲಿ ಎರಡಕ್ಕೂ ಪ್ರತ್ಯೇಕ ಸ್ಥಾನವಿದೆ, ‘ಇಲ್ಲ ಸಾರ್, ಆ ಅಕ್ಷರ ಬರಲ್ಲ’ ಎಂದರೆ ಕೇಳಬೇಡಿ. ಇಂಥ ಭಾಗಗಳಿಗೆ ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಗೆರೆ ಎಳೆದು ‘ಇದ್ದ ಹಾಗೇ’ ಎಂದು ಬರೆದುಕೊಡುವುದು, ಪ್ರೂಫ್ ಬಂದಾಗ ಮೊದಲು ಇವನ್ನೇ ನೋಡುವುದು. ಬೇರೆ ದಾರಿ ಇಲ್ಲ.

ದರ ಪುಟದ ಲೆಕ್ಕ. ಪುಟವೆಂದರೆ ಎಷ್ಟು ಸಾಲು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಪುಟಕ್ಕೆ 28 ಸಾಲಿನಂತೆ 300 ಪುಟವಾಗುವ ಪ್ರಬಂಧ, 22 ಸಾಲಾದರೆ 380 ದಾಟುತ್ತದೆ. ಟೈಪಿಂಗ್, ಪ್ರಿಂಟ್ ಎರಡರ ಬಿಲ್ಲೂ ಅದೇ ಪ್ರಮಾಣದಲ್ಲಿ ಏರುತ್ತದೆ. ಎಷ್ಟು ಪ್ರೂಫ್ ದರದೊಳಗೆ, ಎಷ್ಟನೆಯದರಿಂದ ಹೆಚ್ಚುವರಿ ಎಂಬುದೂ ಚೀಟಿಯಲ್ಲಿರಲಿ. ಮದುವೆ ಕಾಲದಲ್ಲಿ ಕೊಟ್ಟರೆ ನಿಮ್ಮ ಅಧ್ಯಾಯ ಲಗ್ನಪತ್ರಿಕೆಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ, ಅದಕ್ಕೆ ಯಾರೇನೂ ಮಾಡುವಂತಿಲ್ಲ.

ಕೆಲವು ಕಡೆ ‘ಪ್ಲೇಜರಿಸಂ ಚೆಕ್ ಮಾಡಿಕೊಡುತ್ತೇವೆ’ ಎಂಬ ಉಪಸೇವೆಯೂ ಉಂಟು. ಇದಕ್ಕೆ ಸೊನ್ನೆ ಅಂಕ. ಯಾರದೋ ಖಾತೆಯಲ್ಲಿ ಹಾಕಿದ ಪ್ರಬಂಧ ಆ ತಂತ್ರಾಂಶದ ಭಂಡಾರದಲ್ಲಿ ಸೇರಿಕೊಂಡರೆ, ಆಮೇಲೆ ಅದೇ ತಂತ್ರಾಂಶದಲ್ಲಿ ನಡೆಯುವ ಅಧಿಕೃತ ತಪಾಸಣೆಯಲ್ಲಿ ನಿಮ್ಮದೇ ಬರಹ ನಿಮ್ಮ ವಿರುದ್ಧ 90%ರಷ್ಟು ಸಾಕ್ಷಿ ಹೇಳುತ್ತದೆ. ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ ನಡೆಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಶುದ್ಧಿ ಯೋಜನೆಯಡಿ 2019ರಿಂದ ವಿಶ್ವವಿದ್ಯಾಲಯಗಳಿಗೆ ಇಂಥ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತಿದೆ. ಗೈಡ್ ಮೂಲಕ ಗ್ರಂಥಾಲಯದಲ್ಲೇ ಮಾಡಿಸಿ. ಅಂಗಡಿಯವರಿಂದ ಬೇಕಾದ್ದು ತಪಾಸಣೆಗೆ ತಯಾರಾದ ಫೈಲ್ ಮಾತ್ರ. ವಚನ, ಕಾವ್ಯದ ಸಾಲು ಉದ್ಧರಿಸಿದ ಕಡೆ ಸರಿಯಾದ ಜೋಡಿ ಉದ್ಧರಣ ಚಿಹ್ನೆ ಇರಬೇಕು. ಎರಡು ಒಂಟಿ ಚಿಹ್ನೆ ಒತ್ತಿ ಜೋಡಿ ಮಾಡಿದ್ದರೆ, ಅಥವಾ ಬರೀ ಒಳಕ್ಕೆ ಸರಿಸಿ ಬಿಟ್ಟಿದ್ದರೆ, ಅದು ಉದ್ಧರಣೆ ಎಂದು ತಂತ್ರಾಂಶಕ್ಕೆ ಹೊಳೆಯದೆ ಹೋಗಬಹುದು. ನಿಯಮದಂತೆ ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಲೆಕ್ಕಕ್ಕಿಲ್ಲ. ಆದರೆ ‘ಗ್ರಂಥಋಣ’ ಎಂಬ ಶೀರ್ಷಿಕೆ ನೋಡಿ ಯಂತ್ರ ಅದನ್ನು ಬಿಡುತ್ತದೆಂದು ನಂಬಿ ಕೂರಬೇಡಿ, ಆ ಭಾಗವನ್ನು ಬೇರೆ ಫೈಲಾಗಿಯೇ ತೆಗೆದಿಡಿಸಿ. ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳವರೆಗೆ ನಿಯಮದಲ್ಲಿ ವಿನಾಯಿತಿ ಇದೆ. ಇಂಗ್ಲಿಷಿಗೆ ಅದು ಒಂದು ವಾಕ್ಯ. ಪ್ರತ್ಯಯಗಳೆಲ್ಲ ಪದದೊಳಗೇ ಕೂರುವ ಕನ್ನಡದಲ್ಲಿ 14 ಪದಕ್ಕೆ ಎರಡು ವಾಕ್ಯ ಹಿಡಿಸುತ್ತದೆ, ಕನ್ನಡದವರಿಗೆ ಸಿಕ್ಕ ಅಪರೂಪದ ರಿಯಾಯಿತಿ ಇದು.

‘ಬರೆದೂ ಕೊಡುತ್ತೇವೆ’ ಎನ್ನುವವರ ಬಗ್ಗೆ ವಿಮರ್ಶೆ ಬೇಕಿಲ್ಲ. ಆ ಮೆಟ್ಟಿಲು ಹತ್ತಬೇಡಿ.

ಬೈಂಡಿಂಗ್ ಇಲ್ಲಿ ಒಳ್ಳೆಯದೇ. ಆದರೆ ಟೈಪಿಂಗ್ ಮಾಡಿದ ಅಂಗಡಿಯಲ್ಲೇ ಆಗಬೇಕೆಂದಿಲ್ಲ, ಅವರೂ ಬೇರೆ ಬೈಂಡರಿಗೆ ಕಳಿಸುವುದುಂಟು. ನೇರವಾಗಿ ಬೈಂಡಿಂಗ್ ಮಾಡುವ ಪ್ರೆಸ್ಸಿಗೇ ಹೋದರೆ ಮಾತು ಸಲೀಸು. ಬಿಡಿ ಹಾಳೆಗಳಾದ್ದರಿಂದ ಎಡ ಅಂಚಿನಲ್ಲಿ ತೂತು ಕೊರೆದು ದಾರ ಹೊಲಿಯುತ್ತಾರೆ, ಅದಕ್ಕೆ ಸುಮಾರು ಒಂದು ಸೆಂಟಿಮೀಟರ್ ಹೋಗುತ್ತದೆ. ಎಡಕ್ಕೆ ಒಂದೂವರೆ ಇಂಚು ಬಿಡಬೇಕೆನ್ನುವುದು ಇದಕ್ಕೇ. ಎರಡೂ ಮಗ್ಗುಲು ಪ್ರಿಂಟ್ ಹಾಕಿಸುವುದಾದರೆ ‘ಮಿರರ್ ಮಾರ್ಜಿನ್’ ಇಡಿಸಿ, ಆಗ ಅಗಲದ ಅಂಚು ಎರಡೂ ಮಗ್ಗುಲಲ್ಲಿ ಹೊಲಿಗೆಯ ಕಡೆಗೇ ಬರುತ್ತದೆ. ಇಲ್ಲದಿದ್ದರೆ ಹಿಂದಿನ ಪುಟದ ಸಾಲುಗಳ ತುದಿ ಹೊಲಿಗೆಯೊಳಗೆ ಸೇರಿಹೋಗುತ್ತದೆ. 80 ಜಿಎಸ್‌ಎಂ ಕಾಗದದ 300 ಹಾಳೆ ಸುಮಾರು ಮೂರು ಸೆಂಟಿಮೀಟರ್ ದಪ್ಪ, ಬೆನ್ನಿನ ಮೇಲೆ ಹೆಸರು, ವರ್ಷ ಸಲೀಸಾಗಿ ಹಿಡಿಸುತ್ತದೆ. ರೆಕ್ಸಿನ್ ಮೇಲಿನ ಚಿನ್ನದ ಅಕ್ಷರ ಬ್ಲಾಕ್ (ಲೋಹದ ಅಚ್ಚು) ಮಾಡಿಸಿ ಫಾಯಿಲಿನಲ್ಲಿ ಒತ್ತಿದ್ದೋ, ಸ್ಕ್ರೀನ್ ಪ್ರಿಂಟೋ ಕೇಳಿ. ಸ್ಕ್ರೀನ್ ಬಣ್ಣ ಕೈ ತಾಗಿ ತಾಗಿ ಮಾಸುತ್ತದೆ. ಕನ್ನಡ ಶೀರ್ಷಿಕೆಗೆ ಬ್ಲಾಕ್ ಮಾಡಿಸಬೇಕಾದ್ದರಿಂದ ದಿನ ಹೆಚ್ಚು ಹಿಡಿಯುತ್ತದೆ, ಬ್ಲಾಕಿಗೆ ಕೊಡುವ ಮೊದಲು ಶೀರ್ಷಿಕೆಯ ಒಂದೊಂದು ಅಕ್ಷರವನ್ನೂ ಓದಿ ಸಹಿ ಹಾಕಿ. ಅಂಟು ಒಣಗುವವರೆಗೆ, ಕಡಿಮೆಯೆಂದರೆ ಒಂದು ರಾತ್ರಿ, ಪ್ರೆಸ್ಸಿನ ಭಾರದ ಕೆಳಗಿರಬೇಕು. ಸಂಜೆ ಕೊಟ್ಟು ಬೆಳಿಗ್ಗೆ ಬೇಕೆಂದು ಅವಸರ ಮಾಡಿದ ಪ್ರತಿಯ ರಟ್ಟು ಒಂದು ವಾರದಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಬಿಲ್ ಕೊಡುವಾಗಲೇ ವರ್ಡ್ ಫೈಲನ್ನೂ ಪಿಡಿಎಫ್ ಅನ್ನೂ ನಿಮ್ಮ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾಕ್ಕೆ ಹೋಗುವಾಗ ಪ್ರಬಂಧ ಒಂದೇ ಪಿಡಿಎಫ್ ಆಗಿರುವುದಿಲ್ಲ. ಮುಖಪುಟ, ಆರಂಭದ ಪುಟಗಳು, ಪರಿವಿಡಿ, ಒಂದೊಂದು ಅಧ್ಯಾಯ, ಅನುಬಂಧ ಹೀಗೆ ಬೇರೆ ಬೇರೆ ಫೈಲುಗಳು, ಪ್ರತಿಯೊಂದಕ್ಕೂ ಮುಂದೆ ಕ್ರಮಸಂಖ್ಯೆ. ಅದನ್ನೂ ಅಲ್ಲೇ ಕೂತು ಒಡೆಸಿಕೊಂಡು, ವರ್ಡ್ ಫೈಲ್ ತೆರೆದು ‘ಸಾಮರ್ಥ್ಯ’ ಎಂದು ಹುಡುಕಿ, ಸಿಕ್ಕಮೇಲೆ ಹೊರಡಿ.