ಗೋಕುಲಂನ ಬಾಡಿಗೆ ಮನೆಗೆ ಐದು ಕೆಜಿಯ ಛೋಟು ಸಿಲಿಂಡರ್

ಮೈಸೂರಿನ ಗೋಕುಲಂನಲ್ಲಿರುವ ನಮ್ಮ ಮೇಲಿನ ಮನೆಗೆ ಹೊರದೇಶದಿಂದ ಯಾರೇ ಬಾಡಿಗೆಗೆ ಬರಲಿ, ನಾನು ಮೊದಲು ಮಾಡುವ ಕೆಲಸ ಎರಡು. ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸುವುದು ಒಂದು, ಅದು ಮನೆ ಮಾಲೀಕರ ಹೊಣೆ. ಇನ್ನೊಂದು, ಅಡುಗೆ ಗ್ಯಾಸಿನ ಐದು ಕೆಜಿಯ ಪುಟ್ಟ ಸಿಲಿಂಡರ್, ಅಂದರೆ ಛೋಟು, ಕೊಡಿಸುವುದು. ಇದನ್ನು ಯಾರೂ ಹೇಳಿಲ್ಲ, ನಾನೇ ಹಾಕಿಕೊಂಡ ಕಟ್ಟಳೆ.

ಪಟ್ಟಾಭಿ ಜೋಯಿಸರು 2002ರಲ್ಲಿ ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ ಇಲ್ಲಿಗೆ ತಂದ ಮೇಲೆ ನಮ್ಮ ಬಡಾವಣೆಯ ಚಹರೆಯೇ ಬದಲಾಯಿತು. ಈಗ ಯೋಗ ಕಲಿಯುವವರ ಜೊತೆಗೆ ಹೆಬ್ಬಾಳದ ಕಡೆಯ ಕಂಪನಿಗಳಿಗೆ ಕೆಲಸಕ್ಕೆಂದು ಬಂದವರೂ ಮನೆ ಕೇಳುತ್ತಾರೆ. ಕೆಲಸಕ್ಕೆ ಬಂದವರ ಕಷ್ಟ ಬೇರೆ. ಬೆಳಗ್ಗೆ ಏಳೂವರೆಗೆ ಕಂಪನಿ ಬಸ್ಸು, ವಾಪಸ್ ಬರುವಾಗ ಕತ್ತಲು. ಹೋಟೆಲ್ ತಿಂಡಿ ಮೊದಲ ವಾರ ಖುಷಿ ಕೊಡುತ್ತದೆ, ಆಮೇಲೆ ಹೊಟ್ಟೆ ತನ್ನ ಊರಿನ ಗಂಜಿಯನ್ನೇ ಕೇಳುತ್ತದೆ. 14.2 ಕೆಜಿಯ ಮನೆ ಸಿಲಿಂಡರಿಗೆ ವಿಳಾಸದ ದಾಖಲೆ ಬೇಕು. ಬಾಡಿಗೆ ಕರಾರು ಸ್ಟಾಂಪ್ ಪೇಪರಿನ ಮೇಲೆ ಬರಬೇಕು, ಏಜೆನ್ಸಿಯವರು ಒಪ್ಪಬೇಕು. ಅಷ್ಟು ದಿನ ಒಲೆ ಹಚ್ಚುವ ಹಾಗಿಲ್ಲ.

ಛೋಟು ಗೆಲ್ಲುವುದು ಇಲ್ಲೇ. ಫೋಟೊ ಇರುವ ಒಂದು ಗುರುತಿನ ಚೀಟಿ ಸಾಕು, ವಿಳಾಸದ ಪುರಾವೆ ಕೇಳುವುದಿಲ್ಲ. ನಮ್ಮ ಬಾಡಿಗೆದಾರರು ಪಾಸ್‌ಪೋರ್ಟ್ ತೋರಿಸಿ ತಂದಿದ್ದಾರೆ. ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕ್ ಮತ್ತು ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ಊರು ಬಿಟ್ಟು ಬಂದ ಕೂಲಿಕಾರರು, ವಿದ್ಯಾರ್ಥಿಗಳು, ಒಂಟಿಯಾಗಿರುವ ನೌಕರರಿಗೆಂದೇ ಮಾಡಿದ ವ್ಯವಸ್ಥೆ ಇದು. ಪೆಟ್ರೋಲಿಯಂ ಸಚಿವರಾಗಿದ್ದ ನಮ್ಮ ವೀರಪ್ಪ ಮೊಯಿಲಿಯವರು 2013ರಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟರು. ಇಂಡಿಯನ್ ಆಯಿಲ್ ಕಂಪನಿ ಛೋಟು ಎಂದು ಹೆಸರಿಟ್ಟದ್ದು 2020ರಲ್ಲಿ. ಕೊರಿಯಾದಿಂದ ಬಂದ ಇಂಜಿನಿಯರ್‌ಗೂ ಉತ್ತರ ಕರ್ನಾಟಕದಿಂದ ಬಂದ ಗಾರೆ ಕೆಲಸದವರಿಗೂ ಒಂದೇ ಅಂಗಡಿಯಲ್ಲಿ ಒಂದೇ ನಿಯಮ. ನನಗೆ ಇದು ತುಂಬಾ ಹಿಡಿಸಿದ ಸಂಗತಿ.

ಇಂಡಕ್ಷನ್ ಸ್ಟವ್ ಸಾಲದೇ ಎಂದು ಕೇಳುವವರಿದ್ದಾರೆ. ಅನ್ನ, ಸೂಪಿಗೆ ಸಾಕು. ಆದರೆ ನಮ್ಮಲ್ಲಿದ್ದ ಇಟಲಿಯ ಹೆಂಗಸು ಊರಿನಿಂದ ಕಾಫಿ ಕಾಯಿಸುವ ಅಲ್ಯೂಮಿನಿಯಂನ ಮೋಕಾ ಪಾತ್ರೆ ತಂದಿದ್ದರು. ಅಲ್ಯೂಮಿನಿಯಂ ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ. ಕೊಡಗಿನ ಕಾಫಿಪುಡಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದವರು ಛೋಟು ಬಂದ ಸಂಜೆ ನಮಗೆಲ್ಲ ಕಾಫಿ ಮಾಡಿಕೊಟ್ಟರು, ಗಟ್ಟಿ ಕಾಫಿ, ಹಾಲಿಲ್ಲದ್ದು. ಒಲೆಯ ಕಾಲುಗಳ ಮೇಲೆ ಆ ಪುಟ್ಟ ಪಾತ್ರೆ ನಿಲ್ಲುವುದಿಲ್ಲ, ಮೇಲಿಡಲು ಒಂದು ಚಿಕ್ಕ ಕಬ್ಬಿಣದ ಜಾಲರಿ ತೆಗೆದುಕೊಳ್ಳಿ. ಕೊರಿಯಾದ ಹುಡುಗನಿಗೆ ಬೇಕಿದ್ದದ್ದು ಬರೀ ಉರಿ. ಸಮುದ್ರಪಾಚಿಯ ಒಣಹಾಳೆಯನ್ನು ನಾವು ಹಪ್ಪಳ ಸುಡುವ ಹಾಗೆ ಒಂದು ಕ್ಷಣ ಆಡಿಸಿ ತೆಗೆಯುತ್ತಾನೆ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಇಂಡಕ್ಷನ್ ಏನು ಮಾಡೀತು?

ಇನ್ನು ಬಳಕೆಯ ಮಾತು. ಒಬ್ಬರೇ ಎರಡು ಹೊತ್ತು ಅಡುಗೆ ಮಾಡಿಕೊಂಡರೆ ಮೂರು ವಾರ, ಕೈ ಹಿಡಿದು ಮಾಡಿದರೆ ತಿಂಗಳು ಬರುತ್ತದೆ. ತುಂಬಿದ ಸಿಲಿಂಡರನ್ನು ನಾನೇ ಮಹಡಿಗೆ ಒಯ್ಯುತ್ತೇನೆ, ಬೆನ್ನು ನೋಯುವುದಿಲ್ಲ. ದರ ಮಾತ್ರ ಮಾರುಕಟ್ಟೆಯದು. ಕೆಜಿಗೆ ಲೆಕ್ಕ ಹಾಕಿದರೆ ಮನೆ ಸಿಲಿಂಡರಿಗಿಂತ ಜಾಸ್ತಿ. ಮೊದಲ ಸಲ ಸಿಲಿಂಡರಿನ ಬೆಲೆಯನ್ನೂ ಕೊಡಬೇಕು. ವರ್ಷಗಟ್ಟಲೆ ಇರುವವರು, ಸಂಸಾರಸ್ಥರು ದಾಖಲೆ ಕೂಡಿದ ತಕ್ಷಣ ದೊಡ್ಡ ಸಿಲಿಂಡರಿಗೆ ಬದಲಾಗುವುದು ಒಳ್ಳೆಯದು. ನಾವು ಹೋಗುವ ಅಂಗಡಿಯಲ್ಲಿ ಕೆಲವೊಮ್ಮೆ ತುಂಬಿದ್ದು ಇರುವುದಿಲ್ಲ, ಖಾಲಿ ಹಿಡಿದು ವಾಪಸ್ ಬರಬೇಕಾಗುತ್ತದೆ. ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಕೊಳ್ಳುವಾಗ ಸೀಲ್ ನೋಡಿ, ತೂಕ ಹಾಕಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ ಐದು ಕೆಜಿ ಕೂಡಿದಷ್ಟು ಇರಬೇಕು. ಮೇಲಿನ ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಜೊತೆಗೆ ಇಸವಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಮುಂದಿನ ಪರೀಕ್ಷೆಯ ಗಡುವು ಅದು. ದಾಟಿದ್ದರೆ ಬೇಡ ಅನ್ನಿ.

ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಸಂದಿಗೊಂದಿಯ ಅಂಗಡಿಗಳಲ್ಲಿ ಹೆಸರಿಲ್ಲದ ಪುಟ್ಟ ಸಿಲಿಂಡರಿಗೆ ದೊಡ್ಡದರಿಂದ ಗ್ಯಾಸ್ ಬಗ್ಗಿಸಿಕೊಡುತ್ತಾರೆ. ಅಗ್ಗ, ಪಕ್ಕದಲ್ಲೇ ಸಿಗುತ್ತದೆ, ಹೊಸಬರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಸೀಲೂ ಇಲ್ಲ, ಪರೀಕ್ಷೆಯ ಗುರುತೂ ಇಲ್ಲ. ಅಂಥದ್ದು ನಮ್ಮ ಮೆಟ್ಟಿಲು ಹತ್ತಲು ಬಿಡುವುದಿಲ್ಲ.

ಪೈಪಿನಲ್ಲಿ ಗ್ಯಾಸ್ ಬರುವ ದೇಶಗಳವರಿಗೆ ಮಲಗುವ ಮೊದಲು ರೆಗ್ಯುಲೇಟರ್ ಆರಿಸುವ ಅಭ್ಯಾಸ ಇರುವುದಿಲ್ಲ. ಮೊದಲ ದಿನವೇ ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಹಾಗಾಗಿ ಸಿಲಿಂಡರ್ ನೆಟ್ಟಗೆ ನೆಲದ ಮೇಲೆ, ಒಲೆ ಅದಕ್ಕಿಂತ ಎತ್ತರದಲ್ಲಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆರಿಸಿ, ಬಾಗಿಲು ತೆರೆದು ಹೊರಗೆ ಬಂದು, 1906ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಅವರ ಫೋನಿನಲ್ಲಿ ನಾನೇ ಬರೆಸುತ್ತೇನೆ.

ಊರಿಗೆ ಹೊರಡುವವರು ಛೋಟುವನ್ನು ವಾಪಸ್ ಕೊಡಬಹುದು. 500 ರೂಪಾಯಿಗೆ ಮರಳಿ ಪಡೆಯುತ್ತೇವೆ ಎಂದು ಕಂಪನಿ ಶುರುವಿನಲ್ಲೇ ಪ್ರಕಟಿಸಿತ್ತು. ಕೊಂಡ ದಿನದ ರಸೀದಿಯನ್ನು ಬಾಡಿಗೆ ಕರಾರಿನ ಜೊತೆ ಒಂದೇ ಫೈಲಿನಲ್ಲಿಡಿ, ಹೊರಡುವ ವಾರದ ಗಡಿಬಿಡಿಯಲ್ಲಿ ಹುಡುಕುವುದು ತಪ್ಪುತ್ತದೆ.